ಒಳಮದುವೆ ಮತ್ತು ಜೀನ್



ನಮ್ಮ ಆರನೇ ಕ್ರೋಮೋಸೋಮಿನಲ್ಲಿ ಎಚ್‌ಎಲ್‌ಎ ಎಂಬ ಜೀನ್‌ಗಳಿವೆ. ದೇಹಕ್ಕೆ ನುಗ್ಗಿದ ರೋಗಾಣುವಿನ ತುಣುಕನ್ನು ರಕ್ಷಕ ಕಣಗಳಿಗೆ ತೋರಿಸಿಕೊಡುವ ಕೆಲಸ ಇವುಗಳದು. ಮನುಷ್ಯರಲ್ಲಿ ಇವು ಸಾವಿರಾರು ಬಗೆ. ತಂದೆಯಿಂದ ಒಂದು ಬಗೆ, ತಾಯಿಯಿಂದ ಬೇರೊಂದು ಬಗೆ ಬಂದರೆ ಸಾಮಾನ್ಯವಾಗಿ ಹೆಚ್ಚು ರೋಗಾಣುಗಳ ಗುರುತು ಸಿಗುತ್ತದೆ. ಬೆರಕೆಯೇ ಬಲ.

ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡ್ ವಿಜ್ಞಾನಿಗಳು 2013ರಲ್ಲಿ ಹೇಳಿದ್ದು: ಸುಮಾರು 4200ರಿಂದ 1900 ವರ್ಷಗಳ ಹಿಂದೆ ಈ ನೆಲದ ಜನ ವ್ಯಾಪಕವಾಗಿ ಬೆರೆತರು, ಆಮೇಲೆ ಒಳಮದುವೆಯ ಬೇಲಿ ಬಿತ್ತು. ಬುದ್ಧರು ಬದುಕಿದ್ದು ಆ ಬೆರಕೆಯ ಕಾಲದಲ್ಲೇ. ಒಳಮದುವೆಯೇ ಜಾತಿಯ ಜೀವಾಳವೆಂದು 25ರ ಹರೆಯದ ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾದಲ್ಲಿ ಹೇಳಿದ್ದರು, ಯಾವ ಜೀನ್ ಪರೀಕ್ಷೆಯೂ ಇಲ್ಲದೆ!

‘ಎಲ್ಲರೂ ಬೆರಕೆ, ಹಾಗಾಗಿ ಜಾತಿ ಸುಳ್ಳು’ ಎಂದು ಗೆಳೆಯರು ಖುಷಿಯಿಂದ ಕಳಿಸುತ್ತಾರೆ. ನನಗೆ ಅಷ್ಟು ಸಮಾಧಾನವಿಲ್ಲ. ನಾಳೆ ಯಾವುದೋ ಸಮುದಾಯ ಬೆರೆತೇ ಇಲ್ಲವೆಂದು ವರದಿ ಬಂದರೆ, ಅವರನ್ನು ಊರಾಚೆ ಇಡುವುದು ಸರಿಯಾಗಿಬಿಡುತ್ತದೆಯೇ? ವಾಸೆಟ್ಠ ಸುತ್ತದಲ್ಲಿ ಬುದ್ಧರು, ಹುಲ್ಲು ಹುಳು ಹಕ್ಕಿಗಳಿಗಿರುವಂಥ ಹುಟ್ಟುಗುರುತು ಮನುಷ್ಯರ ನಡುವೆ ಇಲ್ಲ ಎನ್ನುತ್ತಾರೆ. ಅಲ್ಲಿಗೇ ನಿಲ್ಲದೆ, ಮಾಡುವ ಕೆಲಸದಿಂದಲೇ ಒಬ್ಬ ರೈತ, ಒಬ್ಬ ಕಳ್ಳ ಎಂದೂ ಹೇಳುತ್ತಾರೆ. ಮೊದಲ ಮಾತಿಗೆ ಪ್ರಯೋಗಾಲಯ ಸಾಕ್ಷಿ ಕೊಟ್ಟಿತು. ಎರಡನೆಯದಕ್ಕೆ ನಾವೇ ಕೊಡಬೇಕು. ಧಮ್ಮದೀಕ್ಷೆ ಪಡೆದ ಮನೆಗಳಲ್ಲೂ ಹೆಣ್ಣು ನೋಡಲು ಹೊರಟಾಗ ‘ಅವರು ಎಡವೋ, ಬಲವೋ?’ ಎಂದು ಇವತ್ತಿಗೂ ಕೇಳುತ್ತಿದ್ದೇವಲ್ಲ?