ಗಿಡ್ಡತನ ಒಂದು ರೋಗವೆ?

‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂಬ ಗಾದೆಯನ್ನು ಕೇಳಿ ಬೆಳೆದವರು ನಾವು. ಆದರೆ ಸ್ವಂತ ಮಗ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಬೇಕಾದಾಗ ಈ ಗಾದೆ ಹೆತ್ತವರಿಗೆ ಸಮಾಧಾನ ಕೊಡುವುದಿಲ್ಲ. ರಜೆಗೆ ಊರಿಗೆ ಹೋದಾಗಲೆಲ್ಲ “ದಿಲ್ಲಿಯ ನೀರು ಹುಡುಗನಿಗೆ ಹಿಡಿಸಿಲ್ಲವೇನೋ” ಎಂದು ನಮ್ಮ ಅತ್ತೆಯವರು ಕೊರಗುತ್ತಿದ್ದರು. ಕೊನೆಗೆ, ಹನ್ನೊಂದು ತುಂಬಿದ ಅವನನ್ನು ವೈದ್ಯರಲ್ಲಿಗೆ ಕರೆದೊಯ್ದೆವು.

ಅವರು ಮೊದಲು ಕೇಳಿದ್ದು ರಕ್ತವನ್ನಲ್ಲ, ನಮ್ಮಿಬ್ಬರ ಎತ್ತರವನ್ನು. ಬಳಿಕ ಹುಡುಗನ ಎಡಗೈಯ ಎಕ್ಸ್‌ರೇ ತೆಗೆಸಿ ಎಲುಬಿನ ವಯಸ್ಸು ನೋಡಿದರು. ರಕ್ತ ಪರೀಕ್ಷೆ ಆಮೇಲೆ.

ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಒಂದೇ ಸಮನೆ ಸುರಿಸುವುದಿಲ್ಲ. ಬಿಟ್ಟು ಬಿಟ್ಟು, ಅದರಲ್ಲೂ ಗಾಢ ನಿದ್ರೆಯಲ್ಲಿ ಹೆಚ್ಚಾಗಿ ಸುರಿಸುತ್ತದೆ. ಹಗಲು ಯಾವುದೋ ಗಳಿಗೆಯಲ್ಲಿ ನೋಡಿದರೆ ಆರೋಗ್ಯವಂತನ ರಕ್ತದಲ್ಲೂ ಅದು ಇಲ್ಲವೆನ್ನುವಷ್ಟು ಕಡಮೆ. ಆದುದರಿಂದ ಕ್ಲೊನಿಡಿನ್‌ನಂಥ ಔಷಧಿ ಕೊಟ್ಟು ಗ್ರಂಥಿಯನ್ನು ಎಚ್ಚರಿಸಿ, ಅರ್ಧ ಗಂಟೆಗೊಮ್ಮೆ ರಕ್ತ ತೆಗೆದು ನೋಡುತ್ತಾರೆ. ಇದರ ಪ್ರೇರಣೆಯಿಂದ ಮುಖ್ಯವಾಗಿ ಯಕೃತ್ತಿನಲ್ಲಿ ಹುಟ್ಟುವ ಐಜಿಎಫ್-1 ಎಂಬ ವಸ್ತು ದಿನವಿಡೀ ಅಷ್ಟಾಗಿ ಏರಿಳಿಯದು, ಅದನ್ನೂ ಅಳೆಯುತ್ತಾರೆ. ಆದರೆ ಹೊಟ್ಟೆಗೆ ಸಾಲದ ಮಗುವಿನಲ್ಲಿ ಹಾರ್ಮೋನು ಹೆಚ್ಚಿದ್ದೂ ಐಜಿಎಫ್-1 ತಗ್ಗಿರುತ್ತದೆ. ಒಂದು ಅಂಕಿಯನ್ನಷ್ಟೇ ನಂಬುವಂತಿಲ್ಲ.

ಇಷ್ಟು ಸೂಕ್ಷ್ಮ ಅಳತೆ ಸಾಧ್ಯವಾದುದು ನ್ಯೂಯಾರ್ಕಿನ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ರೂಪಿಸಿದ ವಿಧಾನದಿಂದ. ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಬಂತು; ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು.

ಎಚ್ಚರಿಸಿದರೂ ಮಟ್ಟವು ಮಿಲಿಲೀಟರಿಗೆ 10 ನ್ಯಾನೋಗ್ರಾಂ ಮುಟ್ಟದಿದ್ದರೆ ಕೊರತೆಯೆಂದು ಬಹುಕಾಲ ಎಣಿಸಿದರು. ಈಗ ಹಲವರು 7 ಎನ್ನುತ್ತಾರೆ. ಮಕ್ಕಳು ಬದಲಾಗಲಿಲ್ಲ, ಗೆರೆ ಬದಲಾಯಿತು. ಗುಮಾಸ್ತನಾದ ನನಗೆ ಗೆರೆಗಳ ಪರಿಚಯ ಚೆನ್ನಾಗಿದೆ: 2004ರ ಜನವರಿ 1ರಿಂದ ಕೇಂದ್ರ ನೌಕರಿಗೆ ಸೇರಿದವರಿಗೆ ಹೊಸ ಪಿಂಚಣಿ ಬಂತು. ಒಂದು ದಿನದ ಹಿಂದುಮುಂದಿನಿಂದ ಮನುಷ್ಯನ ಯೋಗ್ಯತೆ ಬದಲಾಗುವುದೆ? ಗೆರೆ ಬೇಕು, ನಿಜ. ಆದರೆ ಅದನ್ನು ಎಳೆದವರು ನಾವು.

ನಿಜವಾದ ಕೊರತೆಯಿದ್ದರೆ ಚಿಕಿತ್ಸೆ ತಡಮಾಡುವುದು ತಪ್ಪು. ಕೆಲವೊಮ್ಮೆ ಅದರ ಹಿಂದೆ ಮೆದುಳಿನ ಗೆಡ್ಡೆಯೂ ಇರಬಹುದು. ಆದರೆ 2003ರಲ್ಲಿ ಅಮೆರಿಕವು ಕೊರತೆಯೇ ಇಲ್ಲದ ತೀರ ಗಿಡ್ಡ ಮಕ್ಕಳಿಗೂ ಈ ಹಾರ್ಮೋನು ಚುಚ್ಚಲು ಒಪ್ಪಿಗೆಯಿತ್ತಿತು. ವರ್ಷಗಟ್ಟಲೆ ಚುಚ್ಚಿಸಿಕೊಂಡರೆ ಸರಾಸರಿ ದಕ್ಕುವುದು ಕೆಲವೇ ಸೆಂಟಿಮೀಟರು. ಎಲ್ಲರನ್ನೂ ಎತ್ತರಿಸಿದರೂ ಸಾಲಿನ ತುದಿಯಲ್ಲಿ ಯಾರೋ ಒಬ್ಬ ಇದ್ದೇ ಇರುತ್ತಾನೆ. ಆ ಮಗುವಿಗೆ ರೋಗವೆ, ಅವನನ್ನು ನೋಡುವ ನಮ್ಮ ಕಣ್ಣಿಗೆ ರೋಗವೆ?

ನಮ್ಮ ಹುಡುಗನ ಅಂಕಿಗಳೆಲ್ಲ ಸರಿಯಾಗಿದ್ದವು. ಎಲುಬಿನ ವಯಸ್ಸು ಎರಡು ವರ್ಷ ಹಿಂದೆ. ತಡವಾಗಿ ಬೆಳೆಯುವವನು, ಅಷ್ಟೆ. ಆದರೆ ವರದಿ ಹಿಡಿದು ಬಸ್ಸಿಗೆ ಕಾಯುತ್ತಿದ್ದಾಗ ಅವನು ಕೇಳಿದ: “ಅಪ್ಪಾ, ನಾನು ಪಾಸಾದೆನಾ?”

ನನಗೆ ಉತ್ತರ ತೋಚಲಿಲ್ಲ. ಪರೀಕ್ಷಿಸಿದ್ದು ತಪ್ಪೆಂದು ಈಗಲೂ ನಾನು ಭಾವಿಸಿಲ್ಲ. ಆದರೆ ಅದು ಅವನ ಯೋಗ್ಯತೆಯ ಪರೀಕ್ಷೆಯಲ್ಲವೆಂದು ಹೊರಡುವ ಮೊದಲೇ ಹೇಳಬೇಕಿತ್ತು. ಅದನ್ನು ಹೇಳದೆಹೋದುದು ನನ್ನ ತಪ್ಪು. ಮಕ್ಕಳ ರಕ್ತ ಪರೀಕ್ಷೆಗೆ ಹೊರಟಿರುವ ತಂದೆತಾಯಿಗಳು ಈ ಮಾತನ್ನು ಮರೆಯದಿರಲಿ ಎಂದು ಇಷ್ಟು ಬರೆದೆ.