ನೇಮವು ಯಾರದು?

ಗರ್ಭಿಣಿಯು ತನ್ನ ಕೂಸಿಗಾಗಿ ನೇಮದಿಂದ ನಡೆಯತಕ್ಕದ್ದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ನೇಮವು ಅವಳೊಬ್ಬಳದೇ, ಸುತ್ತಲಿನವರದೂ ಅಹುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಎಚ್.ಐ.ವಿ. ಸೋಂಕುಳ್ಳ ಗರ್ಭಿಣಿಯ ವಿಷಯದಲ್ಲಿ ಇದು ನಮ್ಮನ್ನು ನೇರವಾಗಿ ಕೇಳುತ್ತಿದೆ.

ಔಷಧವಿಲ್ಲದಿದ್ದರೆ ಇಂಥ ತಾಯಂದಿರ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಬಸಿರು, ಹೆರಿಗೆ, ಮೊಲೆಹಾಲುಗಳ ಮೂಲಕ ಸೋಂಕು ತಗಲುವುದು. ನೇಮದಿಂದ ಔಷಧ ಸೇವಿಸಿದರೆ ಈ ಸಂಖ್ಯೆಯು 5ಕ್ಕಿಂತಲೂ ಕೆಳಗಿಳಿಯುವುದು. ನಮ್ಮ ದೇಶದಲ್ಲಿ 2004ರಿಂದ ಸರಕಾರದ ಕೇಂದ್ರಗಳು ಈ ಔಷಧವನ್ನು ಬೆಲೆಯಿಲ್ಲದೆ ಕೊಡುತ್ತಿವೆ. ಈಗಂತೂ ಬಹುಜನರಿಗೆ ದಿನಕ್ಕೊಂದೇ ಗುಳಿಗೆ. ಅದು ಮೇಲಿಂದ ಮೇಲೆ ತಪ್ಪಿದರೆ ಅಡಗಿದ್ದ ವಿಷಾಣುಗಳು ರಕ್ತದಲ್ಲಿ ಮತ್ತೆ ಹೆಚ್ಚುವವು. ಕ್ರಮೇಣ ಔಷಧಕ್ಕೆ ಬಗ್ಗದಂತೆಯೂ ಆಗಬಹುದು.

ಹೀಗಿರಲು ಗುಳಿಗೆ ತಪ್ಪುವುದೇಕೆ? ಅಲಕ್ಷ್ಯವೆಂದು ತೀರ್ಪು ಕೊಡುವುದು ಸುಲಭ. ಆದರೆ ಅಷ್ಟೂರಿನ ಸೊಸೆಯೊಬ್ಬಳು ಕುಬಸ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆಂದು ಔರಾದ ಕಡೆಯ ತವರಿಗೆ ಹೋದಳೆಂದು ಭಾವಿಸೋಣ. ಹತ್ತಿರವಿದ್ದ ಬೀದರದ ಆಸ್ಪತ್ರೆ ದೂರವಾಯಿತು. ಡಬ್ಬಿಯನ್ನು ಸೀರೆಗಳ ನಡುವೆ ಬಚ್ಚಿಡಬೇಕಾಯಿತು. “ಇದೆಂಥ ಗುಳಿಗೆ?” ಎಂದು ಅತ್ತಿಗೆಯು ಕೆದಕಿ ಕೇಳಿದ ರಾತ್ರಿ ಅವಳು ಅದನ್ನು ನುಂಗದೆ ಮಲಗಿದರೆ, ಆ ತಪ್ಪನ್ನು ಯಾರ ಲೆಕ್ಕಕ್ಕೆ ಬರೆಯುವುದು?

ನಿಜವನ್ನು ಹೇಳಿಬಿಡಬಾರದೇಕೆ ಎನ್ನುವವರುಂಟು. ಗಂಡನಿಗೆ ತಿಳಿಸುವುದು ಬೇರೊಂದು ಧರ್ಮಪ್ರಶ್ನೆ. ಇಲ್ಲಿಯ ಮಾತು ಉಳಿದ ಬಂಧುಬಳಗದ್ದು. ಹೇಳಿದ ಮೇಲೆ ತಟ್ಟೆ ಬೇರೆ, ಹಾಸಿಗೆ ಬೇರೆ ಆಗದೆಂಬ ನಂಬಿಕೆಯನ್ನು ನಾವು ಅವಳಿಗೆ ಕೊಟ್ಟಿರುವೆವೆ? 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರದಲ್ಲಿ ಜಾರಿಗೆ ಬಂದ ಕಾಯಿದೆಯು ಸೋಂಕಿತರ ಬಗ್ಗೆ ಭೇದವೆಣಿಸುವುದನ್ನು ನಿಷೇಧಿಸಿ, ಅವರ ಗುಟ್ಟಿಗೆ ರಕ್ಷಣೆಯಿತ್ತಿದೆ. ಆದರೆ ಕಾಯಿದೆಯು ಅಡಿಗೆಮನೆಯ ಹೊಸ್ತಿಲನ್ನು ದಾಟಲಾರದು. ಅಲ್ಲಿ ಆಳುವುದು ಮನೆಯವರ ಶೀಲ.

ಆ ಶೀಲವು ನಮಗೆ ಹೊಸತೂ ಅಲ್ಲ. ಅಷ್ಟೂರಿನಲ್ಲಿ ಅಹಮದ ಶಹಾ ವಲಿಯ ಗೋರಿಗೆ ಹಿಂದೂಗಳೂ ಮುಸಲ್ಮಾನರೂ ಭಕ್ತಿಯಿಂದ ನಡೆದುಕೊಳ್ಳುತ್ತಾರೆ. ಹರಕೆ ಹೊತ್ತವಳನ್ನು “ನೀನು ಬೇಡಿದ್ದೇನು?” ಎಂದು ಪೀಡಿಸುವುದು ಸಭ್ಯರ ಲಕ್ಷಣವಲ್ಲ, ಅವಳಿಗೆ ದಾರಿ ಬಿಟ್ಟುಕೊಡುವುದೇ ಲಕ್ಷಣ. ಹರಕೆಗೆ ಸಲ್ಲುವ ಈ ಮರ್ಯಾದೆಯು ಗುಳಿಗೆಗೆ ಏಕೆ ಸಲ್ಲಬಾರದು? ರೋಗದ ಹೆಸರು ತಿಳಿಯದೆಯೂ ಹೊತ್ತಿಗೆ ಸರಿಯಾಗಿ ನೀರು ತಂದುಕೊಡಬಹುದು, ಆಸ್ಪತ್ರೆಗೆ ಜೊತೆಯಾಗಬಹುದು.

ಇನ್ನೊಂದು ಮಾತು. ಹೆರಿಗೆಯಾಗಿ ಕೂಸು ಕ್ಷೇಮವೆಂದು ತಿಳಿದೊಡನೆ “ಇನ್ನೇತಕ್ಕೆ ಔಷಧ?” ಎಂಬ ಉದಾಸೀನವು ತಲೆದೋರುವುದುಂಟು. ಈ ಚಿಕಿತ್ಸೆಯಾದರೋ ಜೀವಮಾನದ್ದು. ಕೂಸಿಗಾಗಿ ಮಾತ್ರವೇ ತಾಯಿಯನ್ನು ಕಾಯುವೆವಾದರೆ ಅವಳನ್ನು ಕಾಳು ತುಂಬುವ ಚೀಲದಂತೆ ಎಣಿಸಿದೆವೆಂದೇ ಅರ್ಥ. ಗುಳಿಗೆ ನುಂಗುವವಳು ಅವಳೇ ಅಹುದು. ಅಂಜದೆ ನುಂಗುವ ಮನೆಯನ್ನು ಅವಳಿಗೆ ಕೊಡತಕ್ಕವರು ನಾವು. ಆದಕಾರಣ ನೇಮವು ಇಬ್ಬರದು.