ಯುಕ್ತವಾದ ವಿಹಾರ

ಸುಖಾಪೇಕ್ಷೆಯು ಧರ್ಮಕ್ಕೆ ವಿರುದ್ಧವೇ ಎಂಬ ಪುರಾತನ ಪ್ರಶ್ನೆಯು, ಮಿತ ಆದಾಯದ ಗೃಹಸ್ಥನೊಬ್ಬನು ಮಕ್ಕಳನ್ನು ಹಾಂಗ್‌ಕಾಂಗ್‌ನ ಡಿಸ್ನಿಲ್ಯಾಂಡಿಗೆ ಕರೆದೊಯ್ಯಲು ಖರ್ಚಿನ ಅಂದಾಜನ್ನು ಬರೆಯುವಾಗಲೂ ಎದುರಾಗುತ್ತದೆ. ಗೀತೆಯ 6ನೆಯ ಅಧ್ಯಾಯವು ಆಹಾರವಿಹಾರಗಳನ್ನು ನಿಷೇಧಿಸದೆ, ಅವೆರಡೂ ಹದವರಿತು ನಡೆಯಬೇಕೆಂದು ವಿಧಿಸಿರುವುದನ್ನು ನೆನೆದರೆ, ಆ ಲೆಕ್ಕಾಚಾರವೂ ಒಂದು ಸಾಧನೆಯಾಗಿಯೇ ತೋರುತ್ತದೆ.

2005ರಲ್ಲಿ ಲಾಂಟೌ ದ್ವೀಪದಲ್ಲಿ ತೆರೆದ ಆ ಉದ್ಯಾನದಲ್ಲಿ 3 ವರ್ಷ ತುಂಬದ ಶಿಶುಗಳಿಗೆ ಟಿಕೆಟ್ಟಿಲ್ಲ. ಜನಸಂದಣಿಯ ದಿನಗಳಿಗಿಂತ ಸಾಧಾರಣ ದಿನಗಳಲ್ಲಿ ದರವು ಕಡಿಮೆ. ಸನ್ನಿ ಬೇ ನಿಲ್ದಾಣದಲ್ಲಿ ಬದಲಾಯಿಸಿ ಏರುವ ರೈಲಿನ ಕಿಟಕಿಗಳು ಮಿಕ್ಕಿ ಮೌಸ್‌ನ ಮುಖದ ಆಕಾರದಲ್ಲಿರುವುದರಿಂದ, ಆ ದುಂಡುಕಿವಿಗಳ ಚೌಕಟ್ಟಿನಲ್ಲಿ ಹೊರಗನ್ನು ನೋಡುವ ಮಗುವಿನ ಆನಂದವು ಮಹಾದ್ವಾರವನ್ನು ಸೇರುವುದಕ್ಕೆ ಮೊದಲೇ ಆರಂಭವಾಗುತ್ತದೆ. ಅದೇ ದ್ವೀಪದ ಬೆಟ್ಟದ ಮೇಲೆ, 1993ರಲ್ಲಿ ಪೂರ್ಣಗೊಂಡ 34 ಮೀಟರ್ ಎತ್ತರದ ಕಂಚಿನ ಬುದ್ಧನ ಸನ್ನಿಧಿಗೆ 268 ಮೆಟ್ಟಿಲುಗಳನ್ನು ಹಣ ತೆರದೆಯೇ ಏರಬಹುದು.

ತೃಷ್ಣೆಯೇ ದುಃಖಮೂಲವೆಂದು ಬೋಧಿಸಿದ ಮಹಾತ್ಮನ ಮೂರ್ತಿಯೂ, ಬಯಕೆಗಳೆಲ್ಲ ಕೈಗೂಡುವ ಲೋಕವನ್ನು ಕಟ್ಟಿತೋರುವ ಉದ್ಯಾನವೂ ಒಂದೇ ನೆಲದಲ್ಲಿರುವುದು ಮೇಲ್ನೋಟಕ್ಕೆ ವಿರೋಧವಾಗಿ ಕಂಡೀತು. ಆದರೆ ತೃಷ್ಣೆಯು ನೆಲೆಸಿರುವುದು, ನೆರೆಯವರು ಹೋಗಿಬಂದರೆಂದು ಸಾಲಮಾಡಿ ಹೊರಡುವ ದೊಡ್ಡವರ ಹಂಬಲದಲ್ಲಿ. ಮಗುವಿನ ನಲಿವಾದರೋ ಆ ಕ್ಷಣದಲ್ಲೇ ತೃಪ್ತವಾಗುವಂಥದು. ಆದುದರಿಂದ ಉಳಿತಾಯದ ಮೇರೆಯನ್ನು ಮೀರದೆ, ಎರಡು ಆಟಿಕೆಗಳನ್ನು ಬೇಡಿದ ಮಗುವಿಗೆ ಒಂದನ್ನು ಕೊಂಡು, ಕಾರಣವನ್ನು ಪ್ರೀತಿಯಿಂದ ತಿಳಿಯಹೇಳುವ ತಂದೆತಾಯಿಗಳು ಸಂತೋಷವನ್ನೂ ಸಂಯಮವನ್ನೂ ಒಟ್ಟಿಗೆ ಕಲಿಸುತ್ತಾರೆ. ಅಂಥ ವಿಹಾರವು ಗೃಹಸ್ಥಧರ್ಮದ ಒಂದು ಅಂಗವೇ ಸರಿಯೆಂದು ನಾನು ನಿಸ್ಸಂದೇಹವಾಗಿ ನಂಬಿದ್ದೇನೆ.